ಸೀನಿಯರ್ ಕೀಬೋರ್ಡ್ ಕೆಳಗಿದ್ದ ಚೀಟಿ

ಪ್ರಶ್ನೆ: ನಾನು ಗದಗಿನವಳು. ಬಿಸಿಎ ಮುಗಿಸಿ ಹುಬ್ಬಳ್ಳಿಯ ಒಂದು ಕಂಪನಿಯ ಸಪೋರ್ಟ್ ಟೀಮ್ ಸೇರಿ ಎಂಟು ತಿಂಗಳಾಯಿತು. ತಿಂಗಳ ಕೊನೆಯ ಬಿಲ್ಲಿಂಗ್ ಕೆಲಸ ಪೂರ್ತಿ ಗೊತ್ತಿರುವುದು ಒಬ್ಬ ಸೀನಿಯರ್‌ಗೆ ಮಾತ್ರ. ಕೇಳಿದರೆ "ಆಮ್ಯಾಲೆ ಹೇಳ್ತೀನಿ ಬಿಡವಾ" ಅನ್ನುತ್ತಾರೆ. ಆ 'ಆಮ್ಯಾಲೆ' ಇನ್ನೂ ಬಂದಿಲ್ಲ. ಪದೇ ಪದೇ ಕೇಳಿದರೆ ದಡ್ಡಿ ಅಂದುಕೊಳ್ಳುತ್ತಾರೆ ಅನ್ನೋ ಭಯ. ರಾತ್ರಿ ರೂಮಿನಲ್ಲಿ ಕೋರ್ಸ್ ಮಾಡುತ್ತೇನೆ. ಆಫೀಸಿನ ಕೆಲಸಕ್ಕೂ ಅದಕ್ಕೂ ಸಂಬಂಧವೇ ಕಾಣುವುದಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರ ಓದಿ ನನಗೆ ಹಳೆಯ ಒಂದು ರಾತ್ರಿ ನೆನಪಾಯಿತು. ಆಗ ನಾನೂ ಹುಬ್ಬಳ್ಳಿಯ ಒಂದು ಆಫೀಸಿನಲ್ಲಿ ಹೊಸಬ. ಡಿಸೆಂಬರ್ ಕೊನೆ, ಆವತ್ತೇ ಎಳ್ಳಮಾವಾಸ್ಯೆ. ಎಲ್ಲ ತಿಳಿದಿದ್ದ ಸೀನಿಯರ್ ಚರಗ ಚೆಲ್ಲಲು ಊರಿಗೆ ಹೋಗಿದ್ದರು. ರಾತ್ರಿ 11ಕ್ಕೆ ಬಿಲ್ ತಯಾರಿಸುವ ಪ್ರೋಗ್ರಾಂ, ಅಂದರೆ ಬಿಲ್ಲಿಂಗ್ ಜಾಬ್, ನಿಂತಿತು. ಸರ್ವರ್ ಡಿಸ್ಕ್ ತುಂಬಿದೆ ಅಂತ ಎರರ್. ದೊಡ್ಡದೊಂದು ಲಾಗ್ ಫೈಲ್ (ಪ್ರೋಗ್ರಾಂ ತಾನು ಮಾಡಿದ್ದನ್ನು ಬರೆದಿಡುವ ಫೈಲ್) ಅಳಿಸಿದೆವು. ಜಾಗ ಒಂದಿಷ್ಟೂ ಖಾಲಿ ಆಗಲಿಲ್ಲ. ಇನ್ನೊಂದು ಅಳಿಸಿದೆವು, ಅದೇ ಕತೆ. ಸೀನಿಯರ್ ಫೋನ್ ಹತ್ತುತ್ತಿರಲಿಲ್ಲ. ನಸುಕಿನ 3ಕ್ಕೆ ಗೆಳೆಯನೊಬ್ಬ ಅವರ ಕೀಬೋರ್ಡ್ ಎತ್ತಿ ನೋಡಿದ. ಕೆಳಗೊಂದು ಹಳದಿ ಚೀಟಿ. ಪೆನ್ಸಿಲ್ಲಿನಲ್ಲಿ ಎರಡೇ ಸಾಲು: ಮೊದಲು ಸರ್ವಿಸ್ ನಿಲ್ಲಿಸು, ಆಮೇಲೆ ಲಾಗ್ ತೆಗೆ.

ನಮ್ಮ ಸರ್ವರ್ ಓಡುತ್ತಿದ್ದ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಒಂದು ಪ್ರೋಗ್ರಾಂ ಫೈಲನ್ನು ತೆರೆದು ಹಿಡಿದಿರುವ ತನಕ, ಆ ಫೈಲ್ ಅಳಿಸಿದರೂ ಜಾಗ ಬಿಡುಗಡೆ ಆಗುವುದಿಲ್ಲ. ಪಟ್ಟಿಯಿಂದ ಹೆಸರು ಹೋಗುತ್ತದೆ, ಡಿಸ್ಕ್ ಮಾತ್ರ ತುಂಬಿಯೇ ಇರುತ್ತದೆ. ನಮಗೆ ಅದು ಗೊತ್ತಿರಲಿಲ್ಲ. ಸರ್ವಿಸ್, ಅಂದರೆ ಲಾಗ್ ಹಿಡಿದಿದ್ದ ಆ ಪ್ರೋಗ್ರಾಂ, ನಿಲ್ಲಿಸಿದ ಕೂಡಲೇ ಜಾಗ ಬಂತು, ಜಾಬ್ ಓಡಿತು. ಎರಡು ಸಾಲಿನ ಚೀಟಿಗಾಗಿ ನಾಲ್ಕು ತಾಸು ಹೋಗಿತ್ತು.

ಮರುದಿನ ವಿಷಯ ಕೇಳಿ ಸೀನಿಯರ್ ನಮಗಿಂತ ಜಾಸ್ತಿ ನೊಂದುಕೊಂಡರು. ಅವರೇನೂ ಬಚ್ಚಿಟ್ಟಿರಲಿಲ್ಲ. ಯಾರೂ ಪಕ್ಕದಲ್ಲಿ ಕೂತು ಕೇಳಿರಲಿಲ್ಲ, ಅವರಿಗೂ ಹೇಳಬೇಕು ಅಂತ ಹೊಳೆದಿರಲಿಲ್ಲ. ನಿಮ್ಮ ಸೀನಿಯರ್ ಕೂಡ ಹಾಗೇ ಇರಬಹುದು. "ಬಿಲ್ಲಿಂಗ್ ಕಲಿಸಿ ಸರ್" ಅಂದರೆ ಅವರು ಎಲ್ಲಿಂದ ಶುರು ಮಾಡಬೇಕು ಹೇಳಿ? ಐದು ವರ್ಷ ಕೈಯಲ್ಲಿ ಕೂತ ಕೆಲಸ ಅದು. ಬಾಯಿಗೆ ಅಷ್ಟು ಸುಲಭವಾಗಿ ಬರುವುದಿಲ್ಲ.

ಅದಕ್ಕೇ ಮುಂದಿನ ತಿಂಗಳ ಕೊನೆಗೆ ಒಂದೇ ಒಂದು ಕೇಳಿ: "ಸರ್, ನೀವು ಮಾಡುವಾಗ ಪಕ್ಕದಲ್ಲಿ ಕೂರ್ತೀನಿ, ಬರ್ಕೋತೀನಿ, ನಡುವೆ ಮಾತಾಡಲ್ಲ." ಯಾವ ಹೊತ್ತಿಗೆ ಏನು ಓಡಿಸಿದರು, ಪರದೆ ಮೇಲೆ ಏನು ಬಂತು, ಎಲ್ಲಿ ತಡೆದು ನೋಡಿದರು, ಎಲ್ಲವನ್ನೂ ಬರೆಯಿರಿ. ಯಾಕೆ ಮಾಡಿದರು ಅಂತ ತಿಳಿಯದ ಕಡೆ ಜಾಗ ಖಾಲಿ ಬಿಡಿ. ಪಾಸ್‌ವರ್ಡ್ ಮಾತ್ರ ಬರೆಯಬೇಡಿ. ಎರಡು ದಿನ ಬಿಟ್ಟು ಅದನ್ನು ನೀಟಾಗಿ ಟೈಪ್ ಮಾಡಿ, "ತಪ್ಪೇನದ ನೋಡ್ರಿ ಸರ್" ಅಂತ ಮುಂದಿಡಿ. ಬರೆದುಕೊಡಲು ಸಮಯ ಇಲ್ಲದವರಿಗೂ ತಪ್ಪು ತಿದ್ದಲು ಸಮಯ ಸಿಗುತ್ತದೆ. ಕಣ್ಣೆದುರು ತಪ್ಪು ಕಂಡು ಸುಮ್ನೆ ಇರುವ ಎಂಜಿನಿಯರನ್ನು ನಾನು ಈವರೆಗೆ ನೋಡಿಲ್ಲ. ಹಾಳೆಯ ಮೇಲೆ ಅವರ ಹೆಸರು ಮೊದಲು ಹಾಕಿ, ನಿಮ್ಮದು ಆಮೇಲೆ. ಇದು ಸಣ್ಣ ಮಾತಲ್ಲ. ತನಗೆ ಗೊತ್ತಿರುವುದನ್ನು ಬಿಟ್ಟುಕೊಟ್ಟರೆ ತನ್ನ ಬೆಲೆ ಕಡಿಮೆ ಆಗುತ್ತದೆ ಅನ್ನುವ ಅಂಜಿಕೆ ಅನುಭವಸ್ಥರಿಗೂ ಇರುತ್ತದೆ. ಅದರ ಮುಂದಿನ ತಿಂಗಳು ನೀವು ಓಡಿಸಿ, ಅವರು ಪಕ್ಕದಲ್ಲಿ ಕೂರಲಿ.

ದಡ್ಡಿ ಅಂದುಕೊಳ್ಳುತ್ತಾರೆ ಅನ್ನುವ ಭಯಕ್ಕೂ ಒಂದು ದಾರಿ ಇದೆ. ಪ್ರಶ್ನೆ ಜೊತೆಗೆ ನೀವು ನೋಡಿದ್ದನ್ನೂ ಮಾಡಿದ್ದನ್ನೂ ಹೇಳಿ. "ಜಾಬ್ ನಿಂತಿದೆ ಸರ್" ಅಂದರೆ ಅವರು ಎದ್ದು ಬರಬೇಕು. "ಜಾಬ್ ನಿಂತಿದೆ, ಲಾಗ್ ನೋಡಿದೆ, ಡಿಸ್ಕ್ 98% ತುಂಬಿದೆ, ಹಳೇ ಲಾಗ್ ತೆಗೀಲಾ?" ಅಂದರೆ ಅರ್ಧ ನಿಮಿಷದಲ್ಲಿ ಉತ್ತರ ಬರುತ್ತದೆ. ಹೀಗೆ ಕೇಳುವವರನ್ನು ಯಾರೂ ದಡ್ಡರು ಅನ್ನುವುದಿಲ್ಲ.

ಇಷ್ಟಾದರೂ ಅವರು ಹೇಳದಿದ್ದರೆ ಮ್ಯಾನೇಜರ್ ಹತ್ತಿರ ಹೋಗಿ. ದೂರು ಬೇಡ. "ಸೀನಿಯರ್ ತಿಂಗಳ ಕೊನೆಗೆ ರಜೆ ಹಾಕಿದರೆ ನಾವೇನು ಮಾಡೋಣ?" ಅಂತ ಕೇಳಿ, ಸಾಕು. 1905ರಲ್ಲೇ ಕಣಗಿನಹಾಳದಲ್ಲಿ ಕೃಷಿ ಸಹಕಾರ ಸಂಘ ಕಟ್ಟಿದ ಜಿಲ್ಲೆ ನಿಮ್ಮದು. ಸೊಸೈಟಿ ಲೆಕ್ಕದ ಪುಸ್ತಕವನ್ನು ಕಾರ್ಯದರ್ಶಿ ಮನೆಯಲ್ಲಿಟ್ಟು ಬೀಗ ಹಾಕಿಕೊಂಡರೆ ಸದಸ್ಯರು ಸುಮ್ನೆ ಇರ್ತಾರಾ? ಟೀಮಿನ ಕೆಲಸವೂ ಹಾಗೇ, ಅದು ಎಲ್ಲರ ಕೈಗೆ ಸಿಗುವಂತಿರಬೇಕು.

ಕೋರ್ಸ್ ವಿಚಾರ. ನಿಮಗೆ ಬಂದ ಕೊನೆಯ 20 ಟಿಕೆಟ್, ಅಂದರೆ ಬಳಕೆದಾರರ ದೂರು, ತೆಗೆದು ನೋಡಿ. ಹೆಚ್ಚಿನವು ಡೇಟಾಬೇಸ್‌ಗೆ ಸೇರಿದ್ದರೆ ಎಸ್‌ಕ್ಯೂಎಲ್ (ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಭಾಷೆ) ಕಲಿಯಿರಿ, ಸರ್ವರ್‌ಗೆ ಸೇರಿದ್ದರೆ ಲಿನಕ್ಸ್. ಐಐಟಿಗಳು ನಡೆಸುವ ಎನ್‌ಪಿಟಿಇಎಲ್ ಆನ್‌ಲೈನ್ ಪಾಠಗಳು ಉಚಿತ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕೆಂದರೆ ಮಾತ್ರ ಶುಲ್ಕ. ರಾತ್ರಿ ಕಲಿತದ್ದು ಬೆಳಿಗ್ಗೆ ಕೆಲಸಕ್ಕೆ ಬಂದರೆ ಮರೆತುಹೋಗುವುದಿಲ್ಲ.

ಪ್ರಶ್ನೆ: ಧಾರವಾಡದಲ್ಲಿ ಏಳು ಜನರ ಟೀಮ್ ನಡೆಸುತ್ತೇನೆ. ಪ್ರಾಜೆಕ್ಟ್ ತಡವಾಗಿದೆ. ಮೇಲಿನವರು ಇನ್ನೂ ಮೂವರನ್ನು ಕಳಿಸುತ್ತಾರಂತೆ. ಖುಷಿಪಡಲಾ?

ಉತ್ತರ: ಈಗಲೇ ಬೇಡ. ಏಳು ಜನರ ನಡುವೆ ಇಬ್ಬಿಬ್ಬರ ಮಾತುಕತೆಯ ಜೋಡಿ 21. ಹತ್ತು ಜನ ಆದರೆ 45. ಹೊಸಬರಿಗೆ ಹೇಳಿಕೊಡಬೇಕಾದವರೂ ಈಗ ಕೆಲಸ ಎಳೆಯುತ್ತಿರುವ ಹಳಬರೇ. ಐಬಿಎಂನಲ್ಲಿ ದೊಡ್ಡ ಆಪರೇಟಿಂಗ್ ಸಿಸ್ಟಮ್ ಕೆಲಸ ನಡೆಸಿದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಇದನ್ನು ಬರೆದಿದ್ದಾರೆ: ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ. ಬರುವುದು ಖಚಿತ ಆದರೆ ಮೂವರಿಗೂ ಬೇರೆಯಾಗಿ ನಿಲ್ಲುವ ಒಂದು ತುಂಡು ಕೊಡಿ. ಹೇಳಿಕೊಡಲು ಒಬ್ಬರನ್ನು ಗೊತ್ತು ಮಾಡಿ, ಅವರ ಉಳಿದ ಕೆಲಸ ಇಳಿಸಿ. ಆ ದಿನಗಳನ್ನು ಪ್ಲಾನಿನಲ್ಲಿ ತೋರಿಸಿ.

ಪ್ರಶ್ನೆ: ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಆರು ವರ್ಷದಿಂದ ಕಂಪ್ಯೂಟರ್ ಕೆಲಸ. ಟ್ಯಾಲಿ, ಇ-ಟೆಂಡರ್ ಎಲ್ಲ ನೋಡಿಕೊಳ್ಳುತ್ತೇನೆ. ಬಿಕಾಂ ಆಗಿದೆ, ವಯಸ್ಸು 31. ಐಟಿಗೆ ಬರಬಹುದಾ? ಯಾವ ಸರ್ಟಿಫಿಕೇಟ್ ಮಾಡಲಿ?

ಉತ್ತರ: ಬರಬಹುದು ಅಣ್ಣಾ. ಆದರೆ ಸರ್ಟಿಫಿಕೇಟ್‌ಗಿಂತ ಮೊದಲು ನಿಮ್ಮ ಕೈಯಲ್ಲಿ ಏನಿದೆ ಅಂತ ನೋಡೋಣ.

ಪ್ರೋಗ್ರಾಂ ಬರೆಯುವವರಿಗೆ ಟೆಂಡರ್ ದರ ಅಂದರೆ ಒಂದು ಅಂಕಿ, ಅಷ್ಟೇ. ನಿಮಗೆ ಗೊತ್ತು, ಡಬ್ಬಿ ತಳಿಯ ಕಾಯಿಗೂ ಕಡ್ಡಿ ತಳಿಯ ಕಾಯಿಗೂ ಬೆಲೆ ಬೇರೆ. ಕಾಯಿ ಹಸಿ ಇದ್ದರೆ ತೂಕ ಬೇರೆ, ದರ ಬೇರೆ. ಖರೀದಿದಾರ ಅವಸರದಲ್ಲಿ 25000 ಬದಲು 250000 ಒತ್ತಿದರೆ ಸಿಸ್ಟಮ್ ತಡೆಯುತ್ತಾ? ಇಬ್ಬರು ಒಂದೇ ದರ ಹಾಕಿದರೆ ಲಾಟ್ ಯಾರಿಗೆ? ಕೊನೆಯ ನಿಮಿಷದಲ್ಲಿ ನೆಟ್ ಹೋದರೆ? ಇಂಥ ಪ್ರಶ್ನೆ ಹುಡುಕುವುದಕ್ಕೇ ಟೆಸ್ಟಿಂಗ್ ಅನ್ನುತ್ತಾರೆ. ವ್ಯಾಪಾರ ಗೊತ್ತಿಲ್ಲದ ಟೀಮ್ ಇವನ್ನು ಕೇಳುವುದೇ ಇಲ್ಲ. ಸಾಫ್ಟ್‌ವೇರ್ ಬಿಡುಗಡೆ ಆದಮೇಲೆ ಪೇಟೆಯಲ್ಲಿ ಜಗಳ ಆಗುತ್ತದೆ, ಆಗ ತಿಳಿಯುತ್ತದೆ. ಹಾಗಾಗಿ ನಿಮಗೆ ಹತ್ತಿರದ ಬಾಗಿಲು ಟೆಸ್ಟಿಂಗ್. ಆಮೇಲೆ ಬಿಸಿನೆಸ್ ಅನಾಲಿಸ್ಟ್ ಕೆಲಸ, ಅಂದರೆ ವ್ಯಾಪಾರಕ್ಕೆ ಏನು ಬೇಕು ಅಂತ ಪ್ರೋಗ್ರಾಂ ಬರೆಯುವವರಿಗೆ ತಿಳಿಸಿಹೇಳುವುದು.

ಮೊದಲು ಎಸ್‌ಕ್ಯೂಎಲ್. ಆಮೇಲೆ ಟೆಸ್ಟಿಂಗಿನ ಅಂತರರಾಷ್ಟ್ರೀಯ ಸರ್ಟಿಫಿಕೇಟ್ ಆದ ಐಎಸ್‌ಟಿಕ್ಯೂಬಿಯ ಫೌಂಡೇಶನ್ ಪರೀಕ್ಷೆ: 40 ಪ್ರಶ್ನೆ, 60 ನಿಮಿಷ, 26 ಅಂಕ ಬಂದರೆ ಪಾಸ್. ಪರೀಕ್ಷೆಯ ಭಾಷೆ ಮಾತೃಭಾಷೆ ಅಲ್ಲದವರಿಗೆ 15 ನಿಮಿಷ ಜಾಸ್ತಿ ಕೊಡುತ್ತಾರೆ, ನೋಂದಣಿ ಮಾಡುವಾಗಲೇ ಅದನ್ನು ಕೇಳಿಕೊಳ್ಳಿ. ಮೊದಲ ಸಂಬಳ ಈಗಿನದಕ್ಕಿಂತ ಕಡಿಮೆ ಇರಬಹುದು, ಮನೆಯಲ್ಲಿ ಮಾತಾಡಿಕೊಳ್ಳಿ. ಕೆಲಸ ಕೈಗೆ ಸಿಗುವ ತನಕ ಅಂಗಡಿ ಬಿಡಬೇಡಿ.

ಸೋಮವಾರ, ಗುರುವಾರ ಪೇಟೆ ದಿನ ಅಲ್ವಾ? ಈ ಗುರುವಾರ ಟೆಂಡರ್ ಮುಗಿದು ಅಂಗಡಿ ಸ್ವಲ್ಪ ತಣ್ಣಗಾದ ಮೇಲೆ ಒಂದು ನೋಟ್‌ಬುಕ್ ತೆಗೆಯಿರಿ. ಆವತ್ತು ಸಿಸ್ಟಮ್ ಎಲ್ಲೆಲ್ಲಿ ತಡವರಿಸಿತು, ಹಮಾಲರು, ರೈತರು, ಸಾಹುಕಾರರು ಏನೇನು ಕೂಗಾಡಿದರು, ಬರೆಯಿರಿ. ಎರಡು ತಿಂಗಳು ಹೀಗೆ ಬರೆದು, ಮೊದಲ ಸಂದರ್ಶನಕ್ಕೆ ಆ ನೋಟ್‌ಬುಕ್ ಜೊತೆಗೇ ಹೋಗಿ.