ಉದ್ದದ ಪದಗಳ ಪಟ್ಟಿ ಬಾಯಿಪಾಠ ಮಾಡಿಸಬೇಡಿ

ಎಂಟನೇ ಕ್ಲಾಸಿನ ಮಗಳಿಗೆ ಇಂಗ್ಲಿಷಿನ ಅತಿ ಉದ್ದದ ಪದಗಳ ಪಟ್ಟಿ ಬಾಯಿಪಾಠ ಮಾಡಿಸ್ತಾ ಇದ್ದೀರಿ, ಜೊತೆಗೆ ಯಾವ ಆ್ಯಪ್ ಒಳ್ಳೆಯದು ಅಂತಲೂ ಕೇಳಿದ್ದೀರಿ. ನೀವು ಹೇಳಿದ ಸ್ಪರ್ಧೆ ನನಗೆ ಗೊತ್ತು. ಮೂರು ಅಕ್ಷರ ಕೊಡುತ್ತಾರೆ. ಆ ಮೂರೂ ಇರುವ ಪದ ಬರೆಯಬೇಕು. ಯಾರ ಪದ ಉದ್ದವೋ ಅವರು ಗೆದ್ದ ಹಾಗೆ. ಸಿಂಧನೂರಿನ ಕನ್ನಡ ಮಾಧ್ಯಮದ ಶಾಲೆಯಿಂದ ಇದೇ ಆಟಕ್ಕೆ ನಾನು ರಾಯಚೂರಿಗೆ, ಜಿಲ್ಲಾ ಮಟ್ಟಕ್ಕೆ ಹೋಗಿದ್ದೆ. ಕೈಯಲ್ಲಿ ಇಂಥದ್ದೇ ಒಂದು ಪಟ್ಟಿ ಇತ್ತು.

ಪಟ್ಟಿಯ ಮೊದಲ ಪದ 45 ಅಕ್ಷರದ್ದು. ನ್ಯುಮೋನೋಅಲ್ಟ್ರಾಮೈಕ್ರೋಸ್ಕೋಪಿಕ್ ಅಂತ ಶುರುವಾಗಿ ಕೋನಿಯೋಸಿಸ್ ಅಂತ ಮುಗಿಯುತ್ತಲ್ಲ, ಅದೇ. ನಿಮ್ಮ ಪಟ್ಟಿಯಲ್ಲೂ ಇರಬೇಕು. ಸಿಲಿಕಾದ ಸಣ್ಣ ದೂಳು ಶ್ವಾಸಕೋಶದಲ್ಲಿ ಕೂತು ಬರುವ ಕಾಯಿಲೆ ಅದು. ನಮ್ಮ ಕಡೆ ಕಲ್ಲು ಒಡೆಯುವವರು, ಗಣಿಯಲ್ಲಿ ದುಡಿಯುವವರು ಭಯಪಡಬೇಕಾದ ಕಾಯಿಲೆ. ಡಾಕ್ಟರು ಅದಕ್ಕೆ ಸಿಲಿಕೋಸಿಸ್ ಅಂತಾರೆ, ಅಷ್ಟೇ. ಆ ಉದ್ದದ ಹೆಸರನ್ನು 1935ರಲ್ಲಿ ಅಮೆರಿಕದ ಒಗಟು ಪ್ರಿಯರ ಸಂಘದ ಅಧ್ಯಕ್ಷರು ಉದ್ದದ ಪದ ಬೇಕು ಅಂತಲೇ ಕಟ್ಟಿದ್ದು. ನಾನು ಅದನ್ನು ಉಸಿರು ಬಿಡದೆ ಹೇಳುತ್ತಿದ್ದೆ. 28 ಅಕ್ಷರದ ಆಂಟಿಡಿಸ್‌ಎಸ್ಟಾಬ್ಲಿಷ್‌ಮೆಂಟೇರಿಯನಿಸಂ ಕೂಡ ಬರುತ್ತಿತ್ತು.

ಕೊನೆಯ ಸುತ್ತಿನಲ್ಲಿ ಬೋರ್ಡಿನ ಮೇಲೆ ಬರೆದ ಅಕ್ಷರಗಳು: ಕೆ, ಡಬ್ಲ್ಯೂ, ಜಿ.

ಆ 45 ಅಕ್ಷರದ ಪದದಲ್ಲಿ ಈ ಮೂರರಲ್ಲಿ ಒಂದೂ ಇಲ್ಲ. ಎಣಿಸಿ ನೋಡಿ, ಅಷ್ಟು ಉದ್ದದ ಪದದಲ್ಲಿ ಇರುವುದು 14 ಬಗೆಯ ಅಕ್ಷರ ಮಾತ್ರ. ಬಿ, ಡಿ, ಎಚ್, ವೈ ಕೂಡ ಇಲ್ಲ. 28 ಅಕ್ಷರದ್ದರಲ್ಲೂ ಕೆ, ಡಬ್ಲ್ಯೂ, ಜಿ ಇಲ್ಲ. ಬಾಯಿಪಾಠ ಮಾಡಿದ್ದೆಲ್ಲ ದಂಡವಾಯಿತು.

ಆಮೇಲೆ ನಾನು ಮಾಡಿದ್ದನ್ನು ಸ್ವಲ್ಪ ಜಾಸ್ತಿಯೇ ವಿವರಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕೆ ಇಂದ ಶುರುವಾಗುವ ಪದ ಯೋಚಿಸಿದೆ. ಸಿಗದಿದ್ದರೆ ಡಬ್ಲ್ಯೂ ಇಂದ, ಅದೂ ಆಗದಿದ್ದರೆ ಜಿ ಇಂದ ಅಂತ ಲೆಕ್ಕ. ಡಿಕ್ಷನರಿ ತೆಗೆದರೆ ಮೊದಲ ಅಕ್ಷರದಿಂದಲೇ ಹುಡುಕಬೇಕು. ಅಂತ್ಯಾಕ್ಷರಿ ಆಡುವಾಗಲೂ ಮೊದಲ ಅಕ್ಷರವೇ ಮುಖ್ಯ. ಅದೇ ರೂಢಿ ಕೈಹಿಡಿದು ಎಳೆಯಿತು. ಆದರೆ ನಿಯಮ ಹೇಳಿದ್ದು ಅಕ್ಷರ 'ಇರಬೇಕು' ಅಂತ. 'ಮೊದಲು ಬರಬೇಕು' ಅಂತ ಯಾರೂ ಹೇಳಿರಲಿಲ್ಲ. ವರ್ಕಿಂಗ್ ಹೊಳೆಯಿತು, ಏಳಕ್ಷರ. ಆಮೇಲೆ ನಾಲೆಡ್ಜ್ ಸಿಕ್ಕಿತು: ಕೆ, ಎನ್, ಓ, ಡಬ್ಲ್ಯೂ, ಎಲ್, ಇ, ಡಿ, ಜಿ, ಇ. ಒಂಬತ್ತು ಅಕ್ಷರ, ಮೂರೂ ಇವೆ. ಖುಷಿಯಿಂದ ಬರೆದು ಪೆನ್ನು ಮುಚ್ಚಿಟ್ಟೆ.

ಮಾನ್ವಿ ಕಡೆಯ ಒಬ್ಬ ಹುಡುಗಿ ಬರೆದಿದ್ದು ಅಕ್ನಾಲೆಡ್ಜ್‌ಮೆಂಟ್. ನನ್ನ ಪದವೇ ಅದರ ನಡುವೆ ಹಾಗೇ ಕೂತಿದೆ! ಮುಂದೆ ಎ, ಸಿ ಸೇರಿಸಿ, ಹಿಂದೆ ಎಂ, ಇ, ಎನ್, ಟಿ ಸೇರಿಸಿದರೆ 15 ಅಕ್ಷರ. ಹಿಂದೆ ಬರೀ ಏಬಲ್ ಸೇರಿಸಿದ್ದರೂ ನಾಲೆಡ್ಜಬಲ್ ಆಗಿ 13 ಆಗುತ್ತಿತ್ತು. ನನಗೆ ಆ ಪದ ಗೊತ್ತಿಲ್ಲದ್ದೂ ಅಲ್ಲ. ಜಮೀನಿನ ಕೇಸಿಗೆ ಅಪ್ಪ ರಿಜಿಸ್ಟರ್ ಪೋಸ್ಟ್ ಕಳಿಸುತ್ತಿದ್ದರು. ಸಹಿಯಾಗಿ ವಾಪಸ್ ಬಂದ ಅಕ್ನಾಲೆಡ್ಜ್‌ಮೆಂಟ್ ಕಾರ್ಡುಗಳನ್ನು ಪಡಸಾಲೆಯ ತಂತಿಗೆ ಚುಚ್ಚಿ ಇಡುತ್ತಿದ್ದರು. ಆ ಪದ ದಿನಾ ಕಣ್ಣಿಗೆ ಬೀಳುತ್ತಿತ್ತು. ಆದರೆ ಅದು ಎ ಇಂದ ಶುರುವಾಗುತ್ತದೆ, ನಾನು ಹುಡುಕುತ್ತಿದ್ದದ್ದು ಕೆ ಇಂದ.

ನಮ್ಮ ಇಂಗ್ಲಿಷ್ ಮೇಷ್ಟ್ರು ಬಸ್ ಸ್ಟ್ಯಾಂಡಿನಲ್ಲಿ ಒಂದೇ ಮಾತು ಕೇಳಿದರು: "ಪದ ಕೈಯಾಗ ಇತ್ತಲ್ಲೋ, ಅದರ ಹಿಂದ ಮುಂದ ನೋಡಬಾರದೇನು?" ವಿಭಾಗ ಮಟ್ಟಕ್ಕೆ ಗುಲ್ಬರ್ಗಾಕ್ಕೆ ಹೋಗಿದ್ದು ಆ ಹುಡುಗಿ.

ಈಗ ನಾನು ರಾಯಚೂರಿನಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಪಟ್ಟಿ ಹಿಡಿದು ಬಂದ ಮಕ್ಕಳಿಂದ ಮೊದಲು ಅದನ್ನು ಇಸಿದುಕೊಂಡು ಎತ್ತಿಡುತ್ತೇನೆ. ಇಂಗ್ಲಿಷಿನ ಉದ್ದದ ಪದಗಳಲ್ಲಿ ಮುಕ್ಕಾಲುಪಾಲು ತುಂಡು ಜೋಡಿಸಿ ಆದವು. ಮುಂದೆ ಅನ್, ರೀ, ಡಿಸ್, ಇಂಟರ್. ಹಿಂದೆ ಮೆಂಟ್, ಷನ್, ನೆಸ್, ಏಬಲ್, ಇಂಗ್, ಲಿ. ಈ ತುಂಡುಗಳು ಕೈಗೆ ಹತ್ತಿದರೆ ಯಾವ ಅಕ್ಷರ ಬಂದರೂ ಮಗು ಕೈಕಟ್ಟಿ ಕೂರುವುದಿಲ್ಲ. ಕ್ಯೂ ಬಂತಾ? ಪಕ್ಕದಲ್ಲೇ ಯು ಬರೆದುಬಿಡಲಿ. ಕ್ವೆಸ್ಟ್, ಕ್ವಾಲಿ, ಕ್ವೈರ್, ಇವನ್ನು ನಡುವಿಗೆ ಇಟ್ಟು ಎರಡೂ ಕಡೆ ಬೆಳೆಸಲಿ. ಅನ್‌ಕ್ವೆಶ್ಚನಬ್ಲಿ 14 ಅಕ್ಷರ, ಅದರಲ್ಲಿ ಐದು ಸ್ವರಗಳೂ ಇವೆ, ವೈ ಕೂಡ ಇದೆ. ಡಿಸ್‌ಕ್ವಾಲಿಫಿಕೇಷನ್ 16. ಜೆ ಬಂದರೆ ಜಸ್ಟ್ ಅಥವಾ ಜೆಕ್ಟ್ ಹಿಡಿಯಲಿ: ರೀಅಡ್ಜಸ್ಟ್‌ಮೆಂಟ್ 12, ಆಬ್ಜೆಕ್ಷನಬಲ್ 13. ಎಕ್ಸ್ ಬಂದರೆ ಎಕ್ಸ್‌ಪೆರಿಮೆಂಟೇಷನ್ 15.

ಹಾಳೆಯ ನಡುವೆ ಅಕ್ಷರಗಳನ್ನು ದೂರದೂರ ಬರೆದು, ಎಡಕ್ಕೂ ಬಲಕ್ಕೂ ಜಾಗ ಬಿಟ್ಟು ಕೂರಲು ಹೇಳಿ. ಸುಮ್ನೆ ನೋಡೋಕೆ ಸಣ್ಣ ವಿಷಯ. ಆದರೆ ಎಡಗಡೆ ಖಾಲಿ ಜಾಗ ಕಂಡರೆ ಕೈ ತಾನಾಗಿಯೇ ಅಲ್ಲಿ ಏನು ಬರೆಯಲಿ ಅಂತ ಹುಡುಕುತ್ತದೆ.

ಇನ್ನೊಂದು ವಿಷಯ, ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ಬೇಕೇ ಬೇಕು. ನಾವು ಕೇಳಿಸಿದ್ದನ್ನು ಬರೆದು ರೂಢಿ. ನಾಲೆಡ್ಜ್ ಅಂದಾಗ ಕಿವಿಗೆ ಕೆ ಕೇಳಿಸಲ್ಲ, ಡಬ್ಲ್ಯೂ ಕೇಳಿಸಲ್ಲ. ಸೈಕಾಲಜಿಯ ಪಿ, ಫಾರಿನ್‌ನ ಜಿ, ರಿದಂನ ಮೊದಲ ಎಚ್, ಎಲ್ಲ ಹಾಗೆಯೇ. ಹೀಗೆ ಕೇಳಿಸದ ಅಕ್ಷರ ಇರುವ ಪದಗಳಿಗೆ ಒಂದು ಬೇರೆ ನೋಟ್‌ಬುಕ್ ಮಾಡಿಸಿ. ನಿಮ್ಮ ಪಟ್ಟಿಗಿಂತ ಅದು ಉಪಯೋಗಕ್ಕೆ ಬರುತ್ತದೆ.

ಆ್ಯಪ್ ಬಗ್ಗೆ ಕೇಳಿದಿರಿ. ಮಗಳು ತಾನೇ ಬರೆದು ಮುಗಿಸಿದ ಮೇಲೆ ಮಾತ್ರ ಮೊಬೈಲು ಕೊಡಿ, ಮುಂಚೆ ಬೇಡ. ಒನ್‌ಲುಕ್ ಅನ್ನುವ ತಾಣ ಸಾಕು, ದುಡ್ಡು ಕೊಡಬೇಕಿಲ್ಲ. ಯಾವುದೇ ತುಂಡಿನ ಹಿಂದೆ ಮುಂದೆ ನಕ್ಷತ್ರದ ಗುರುತು (*) ಹಾಕಿ ಹುಡುಕಿದರೆ ಅದನ್ನು ಒಳಗೆ ಇಟ್ಟುಕೊಂಡ ಪದಗಳೆಲ್ಲ ಬರುತ್ತವೆ. ಲಿನಕ್ಸ್ ಅನ್ನುವ ಕಂಪ್ಯೂಟರ್ ವ್ಯವಸ್ಥೆ ಬರುವವರು ಮನೆಯಲ್ಲಿದ್ದರೆ, ಪದಪಟ್ಟಿಯ ಫೈಲಿನಿಂದ ಬೇಕಾದ ಅಕ್ಷರ ಇರುವ ಸಾಲುಗಳನ್ನು ಹೆಕ್ಕಿ ಕೊಡುವ ಅದರ ಗ್ರೆಪ್ ಅನ್ನುವ ಆದೇಶ ಇನ್ನೂ ಒಳ್ಳೆಯದು. ಕೆ ಇರುವ ಪದ ಮೊದಲು ತೆಗೆದು, ಅದರಲ್ಲಿ ಡಬ್ಲ್ಯೂ ಇರುವವು, ಅದರಲ್ಲಿ ಜಿ ಇರುವವು ಅಂತ ಒಂದರ ಕೆಳಗೊಂದು ಜರಡಿ ಹಿಡಿದ ಹಾಗೆ ಸೋಸುತ್ತಾ ಹೋಗಬಹುದು.

ಸ್ಪರ್ಧೆಗೆ ಮುಂಚೆ ಶಾಲೆಯವರನ್ನು ಕೇಳಿ, ಯಾವ ಡಿಕ್ಷನರಿ ಒಪ್ಪುತ್ತಾರೆ ಅಂತ. ಅಕ್ನಾಲೆಡ್ಜ್‌ಮೆಂಟ್ ಅನ್ನು ಬ್ರಿಟಿಷರು ಜಿ ಆದಮೇಲೆ ಇ ಹಾಕಿ ಬರೆಯುವುದು ಜಾಸ್ತಿ, ಅಮೆರಿಕದವರು ಆ ಇ ಬಿಡುತ್ತಾರೆ. ಒಂದು ಅಕ್ಷರದ ವ್ಯತ್ಯಾಸದಲ್ಲಿ ಸೋಲು ಗೆಲುವು ಇರುವ ಆಟ ಇದು, ಆಮೇಲೆ ಅಲ್ಲಿ ನಿಂತು ವಾದ ಮಾಡುವ ಹಾಗೆ ಆಗಬಾರದು.