ಬೇರೆ ಥರದ ಕನ್ನಡ ಹಾಸ್ಯ ಸಿನಿಮಾ ಬೇಕಾ? ಕಣ್ಣು ಮುಚ್ಚಿ ‘ತಿಥಿ’ ನೋಡಿ

ಕೊಡಗಿಗೆ ವರ್ಗವಾಗಿ ಬಂದಿದ್ದೀರಿ, ಮಳೆ ಹಿಡಿದಿದೆ, ಸಂಜೆಯಾದರೆ ಹೊರಗೆ ಕಾಲಿಡುವ ಹಾಗಿಲ್ಲ. ಹೀರೋ ಬಿಲ್ಡಪ್ಪು, ಡಬಲ್ ಮೀನಿಂಗು, ತುರುಕಿದ ಕಾಮಿಡಿ ಟ್ರ್ಯಾಕು ಯಾವುದೂ ಇಲ್ಲದೆ ನಗಿಸುವ ಕನ್ನಡ ಸಿನಿಮಾ ಇದೆಯಾ ಎಂದು ಕೇಳಿದ್ದೀರಿ. ಇದೆ. ರಾಮ್ ರೆಡ್ಡಿ ನಿರ್ದೇಶನದ ‘ತಿಥಿ’.

ಹೆಸರು ಕೇಳಿ ಮುಖ ಸಿಂಡರಿಸಬೇಡಿ. ನಮ್ಮಮ್ಮನೂ “ಥೂ, ದೀಪ ಹಚ್ಚುವ ಹೊತ್ತಲ್ಲಿ ಅದೆಂಥ ಹೆಸರೋ” ಎಂದಿದ್ದರು. ಮುಗಿದ ಮೇಲೆ ಗಡ್ಡಪ್ಪನ ಸೀನುಗಳನ್ನು ಮತ್ತೆ ಹಾಕಿಸಿಕೊಂಡು ನೋಡಿದವರೂ ಅವರೇ.

ಕಥೆಯನ್ನು ಚೂರು ಹೇಳುತ್ತೇನೆ, ಪೂರ್ತಿ ಹೇಳಿದರೆ ಪಾಪ ಬರುತ್ತದೆ. ಮಂಡ್ಯ ಜಿಲ್ಲೆಯ ಒಂದು ಹಳ್ಳಿ. ನೂರೊಂದು ವರ್ಷದ ಸೆಂಚುರಿ ಗೌಡ ರಸ್ತೆ ಬದಿಯಲ್ಲಿ ಕೂತು ಹೋಗಿ ಬರುವವರಿಗೆಲ್ಲ ಬಾಯಿಗೆ ಬಂದಂತೆ ಬೈಯುತ್ತಾನೆ, ಆಮೇಲೆ ಉಚ್ಚೆ ಹೊಯ್ಯಲು ಎದ್ದವನು ಅಲ್ಲೇ ಬಿದ್ದು ಸಾಯುತ್ತಾನೆ. ಅವನ ಮಗ ಗಡ್ಡಪ್ಪನಿಗೆ ಬ್ರಾಂದಿ, ಬೀಡಿ, ಗದ್ದೆ ಬಯಲಲ್ಲಿ ತಿರುಗಾಟ ಇಷ್ಟಿದ್ದರೆ ಸಾಕು. ಅಪ್ಪ ಸತ್ತದ್ದು ಅವನ ಮಟ್ಟಿಗೆ ಒಂದು ಸುದ್ದಿ ಅಷ್ಟೇ. ಮೊಮ್ಮಗ ತಮ್ಮಣ್ಣನಿಗೆ ಮಾತ್ರ ತಾತನ ಹೆಸರಲ್ಲಿರುವ ಐದು ಎಕರೆ ಮೇಲೆ ಕಣ್ಣು. ಆ ಜಮೀನು ಮೊದಲು ಗಡ್ಡಪ್ಪನಿಗೆ ಬರಬೇಕು, ಗಡ್ಡಪ್ಪನೋ ಅದರ ಗೊಡವೆಗೇ ಬರುವುದಿಲ್ಲ. ಹಾಗಾದರೆ ಏನು ಮಾಡೋಣ? ಬದುಕಿರುವ ಅಪ್ಪನನ್ನು ಕಾಗದದ ಮೇಲೆ ಸಾಯಿಸಿಬಿಡೋಣ! ಮರಿಮಗ ಅಭಿಗೆ ಇದ್ಯಾವುದೂ ಬೇಡ, ಅವನು ಕುರಿ ಕಾಯುವವರ ಹುಡುಗಿಯೊಬ್ಬಳ ಹಿಂದೆ ಬಿದ್ದಿದ್ದಾನೆ. ಹನ್ನೊಂದನೇ ದಿನದ ತಿಥಿ ಊಟದ ಹೊತ್ತಿಗೆ ಎಲ್ಲರ ಬಂಡವಾಳವೂ ಹೊರಬೀಳುತ್ತದೆ.

ಕೊಡಗಿನಲ್ಲಿ ಕೂತು ನೋಡಿದರೆ ಇದರ ಮಜಾ ಇನ್ನೊಂದು ಕೈ ಹೆಚ್ಚು. ನಿಮ್ಮ ಆಫೀಸಿನಲ್ಲಿ ಇಲ್ಲಿಯವರು ಯಾರಾದರೂ ಇದ್ದರೆ ಜಮ್ಮಾ ಬಾಣೆಯ (ಇಲ್ಲಿನ ಮನೆತನಗಳಿಗೆ ವಂಶಪಾರಂಪರ್ಯವಾಗಿ ಬಂದ ಜಮೀನಿನ) ಪಹಣಿ ಬಗ್ಗೆ ಸುಮ್ಮನೆ ಒಂದು ಮಾತು ತೆಗೆದು ನೋಡಿ, ಮಧ್ಯಾಹ್ನದ ಊಟದ ಹೊತ್ತು ಅದರಲ್ಲೇ ಕಳೆದುಹೋಗುತ್ತದೆ. ಎಷ್ಟೋ ಜಾಗಗಳ ದಾಖಲೆಯಲ್ಲಿ ಇವತ್ತಿಗೂ ಇರುವುದು ತಲೆಮಾರುಗಳ ಹಿಂದೆ ತೀರಿಕೊಂಡ ಪಟ್ಟೆದಾರನ, ಅಂದರೆ ಮನೆತನದ ಯಜಮಾನನ ಹೆಸರು. ಜಾಗ ಅನುಭವಿಸುತ್ತಿರುವವರು ಮೊಮ್ಮಕ್ಕಳು, ಕಾಗದದಲ್ಲಿ ಮಾತ್ರ ಅಜ್ಜ ಸತ್ತೇ ಇಲ್ಲ. ಪೌತಿ ಖಾತೆ (ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು), ವಂಶವೃಕ್ಷ, ಮರಣ ಪ್ರಮಾಣ ಪತ್ರ, ಒಕ್ಕದವರೆಲ್ಲರ (ಇಡೀ ಮನೆತನದವರ) ಸಹಿ ಎಂದು ಅಲೆದವರಿಗೆ ತಮ್ಮಣ್ಣನ ಪರದಾಟ ಮನೆಯ ಕಥೆಯೇ. ಇಲ್ಲಿ ಸತ್ತವರು ದಾಖಲೆಯಲ್ಲಿ ಬದುಕಿದ್ದಾರೆ, ಅಲ್ಲಿ ಬದುಕಿರುವವನನ್ನು ದಾಖಲೆಯಲ್ಲಿ ಸಾಯಿಸಬೇಕು. ತಮ್ಮಣ್ಣ ಒಂದೊಂದು ಕಡೆ ಕೈ ಬೆಚ್ಚಗೆ ಮಾಡುವಾಗಲೂ ನಮ್ಮ ಚಿಕ್ಕಪ್ಪ “ಇಷ್ಟಕ್ಕೇ ಮುಗಿಯಿತಾ?” ಎಂದು ನಗುತ್ತಿದ್ದರು.

ಸಾವಿನ ಮನೆಯ ಗಡಿಬಿಡಿಯೂ ಹಾಗೇ. ಇಲ್ಲಿ ಕೊಡವರ ಮನೆಯಲ್ಲಿ ಸಾವಾದರೆ ಜೋಡಿ ಗುಂಡು ಹಾರಿಸಿ ಊರಿಗೆ ತಿಳಿಸುವುದು ವಾಡಿಕೆ, ಹನ್ನೊಂದನೇ ದಿನಕ್ಕೆ ಮಾದ ಎನ್ನುವ ತಿಥಿ. ಶಾಸ್ತ್ರ ಬೇರೆ, ಭಾಷೆ ಬೇರೆ. ಆದರೆ ಅಳುವವರಿಗಿಂತ ಅಡುಗೆಗೆ ಎಷ್ಟು ಜನ ಎಂದು ಲೆಕ್ಕ ಹಾಕುವವರ ದನಿಯೇ ಜೋರು ಎನ್ನುವುದರಲ್ಲಿ ಮಂಡ್ಯಕ್ಕೂ ನಮಗೂ ಯಾವ ವ್ಯತ್ಯಾಸವೂ ಇಲ್ಲ.

ಇಷ್ಟು ನಗು ಬರುವುದಕ್ಕೆ ಕಾರಣ, ಇದರಲ್ಲಿ ಯಾರೂ ನಗಿಸಲು ಹೋಗುವುದಿಲ್ಲ. ನಟಿಸಿರುವವರು ವೃತ್ತಿ ಕಲಾವಿದರಲ್ಲ, ಆ ಕಡೆಯ ಹಳ್ಳಿಗಳ ಜನ. ರಾಮ್ ರೆಡ್ಡಿ ಜೊತೆ ಚಿತ್ರಕಥೆ ಬರೆದ ಈರೇಗೌಡರ ಊರು ನೊದೆಕೊಪ್ಪಲಿನಲ್ಲೇ ಚಿತ್ರೀಕರಣ ನಡೆದದ್ದು. ಗಡ್ಡಪ್ಪ ಕ್ಯಾಮೆರಾ ಇರುವುದೇ ಗೊತ್ತಿಲ್ಲದವನ ಹಾಗೆ ನಡೆಯುತ್ತಾನೆ. ಇಂಥ ಕಡೆ ನಗಬೇಕು ಎಂದು ಸೂಚನೆ ಕೊಡುವ ಹಿನ್ನೆಲೆ ಸಂಗೀತವೂ ಇಲ್ಲ. ನಮ್ಮ ಕಾಮಿಡಿ ಸಿನಿಮಾಗಳ ‘ಟೊಂಯ್’ ಸದ್ದಿಗೆ ಒಗ್ಗಿದ ಕಿವಿಗೆ ಮೊದಲ ಹತ್ತು ನಿಮಿಷ ಖಾಲಿ ಖಾಲಿ ಅನ್ನಿಸಬಹುದು. ತಡೆದುಕೊಳ್ಳಿ.

ಪ್ರಶಸ್ತಿ ಪಡೆದ ಸಿನಿಮಾ ಎಂದರೆ ಆಕಳಿಕೆ ಎಂದು ತಿಳಿದವರಿಗಾಗಿ ಒಂದು ಮಾತು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಹೊಸ ನಿರ್ದೇಶಕರ ವಿಭಾಗದ ಚಿನ್ನದ ಚಿರತೆ (ಗೋಲ್ಡನ್ ಲೆಪರ್ಡ್) ಪ್ರಶಸ್ತಿ ಇದಕ್ಕೇ ಬಂತು, ಆಮೇಲೆ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಸಿಕ್ಕಿತು. ಅಷ್ಟಾಗಿಯೂ 2016ರ ಮೇ ತಿಂಗಳಲ್ಲಿ ಬಿಡುಗಡೆಯಾದಾಗ ಜನ ಟಿಕೆಟ್ ಕೊಟ್ಟು ಹೋಗಿ ನಕ್ಕು ಬಂದರು. ಗಡ್ಡಪ್ಪ, ಸೆಂಚುರಿ ಗೌಡ ಇಬ್ಬರೂ ಸ್ಟಾರ್‌ಗಳಾಗಿ ಬೇರೆ ಸಿನಿಮಾಗಳಲ್ಲೂ ಕಾಣಿಸಿಕೊಂಡರು. ಅವುಗಳ ವಿಷಯ ಬೇಡ ಬಿಡಿ.

ಒಂದೆರಡು ಎಚ್ಚರಿಕೆ ಹೇಳಲೇಬೇಕು. ನೀವು ಬೇಡವೆಂದ ಡಬಲ್ ಮೀನಿಂಗ್ ಇದರಲ್ಲಿಲ್ಲ, ಇರುವುದೆಲ್ಲ ನೇರ ಸಿಂಗಲ್ ಮೀನಿಂಗು! ಮಂಡ್ಯದ ಬೈಗುಳ ಸೋಸದೆ ಬರುತ್ತದೆ, ಚಿಕ್ಕ ಮಕ್ಕಳನ್ನು ಮಲಗಿಸಿ ನೋಡಿ. ಮಾತು ಕಿವಿಗೆ ಹತ್ತದಿದ್ದರೆ ಸಬ್‌ಟೈಟಲ್ ಹಾಕಿಕೊಳ್ಳಿ, ಅದರಲ್ಲಿ ನಾಚಿಕೆಯೇನಿಲ್ಲ. ಕುರಿ ಕಾಯುವವರ ನಡುವೆ ಕೂತು ಗಡ್ಡಪ್ಪ ತನ್ನ ಹಳೆಯ ಕಥೆ ಹೇಳುವ ಜಾಗವೊಂದು ಬರುತ್ತದೆ. ಅಲ್ಲಿಯವರೆಗೆ ಅವನ ಬೇಜವಾಬ್ದಾರಿಗೆ ನಗುತ್ತಿದ್ದ ನಮ್ಮ ಮನೆಯವರೆಲ್ಲ ಗಪ್‌ಚಿಪ್. ಆ ಹೊತ್ತಲ್ಲಿ ಚಹಾಕ್ಕೆ ಎದ್ದು ಹೋಗಬೇಡಿ.

ಮಳೆಗಾಲದಲ್ಲಿ ಇಲ್ಲಿನ ಕರೆಂಟನ್ನು ನಂಬುವಂತಿಲ್ಲ, ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಂಡರೆ ವಾಸಿ. ಅಕ್ಕಪಕ್ಕದವರನ್ನೂ ಕರೆಯಿರಿ, ನಾಲ್ಕು ಜನ ಕೂತು ನೋಡಿದರೇ ಚೆಂದ. ಅವರ ಮನೆಯಲ್ಲಿ ಈಗ ಪಾಲಿನ ಮಾತುಕತೆ ನಡೆಯುತ್ತಿದೆಯಾ ಎಂದು ಮಾತ್ರ ಮೊದಲೇ ವಿಚಾರಿಸಿಕೊಳ್ಳಿ.