ಓದುಗರ ಪ್ರಶ್ನೆ: ವಿದೇಶ ಪ್ರವಾಸದ ಅಗ್ಗದ ಸಿಮ್ ಮತ್ತು ಅದರ ಹಿಂದಿನ ಲೆಕ್ಕ

ರಜೆಯ ದಿನಗಳು ಹತ್ತಿರವಾದಂತೆ ಈ ಅಂಕಣಕ್ಕೆ ವಿದೇಶದಲ್ಲಿ ಬಳಸುವ ಸಿಮ್ ಕಾರ್ಡಿನ ಕುರಿತ ಪತ್ರಗಳು ಹೆಚ್ಚುತ್ತವೆ. ಒಂದಕ್ಕೆ ಕೊಟ್ಟ ಉತ್ತರ ಇನ್ನೊಂದಕ್ಕೂ ನೆರವಾಗುವಂತಿರುವುದರಿಂದ ಈ ಸಲ ಐದು ಪತ್ರಗಳನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಾವು ದಂಪತಿಗಳು ಪ್ಯಾರಿಸ್, ಸ್ವಿಟ್ಜರ್ಲೆಂಡ್ ಮತ್ತು ಇಟಲಿಗೆ ಹನ್ನೆರಡು ದಿನಗಳ ಗುಂಪು ಪ್ರವಾಸ ಹೊರಟಿದ್ದೇವೆ. ನಮ್ಮ ಮೊಬೈಲ್ ಕಂಪನಿಯ ರೋಮಿಂಗ್ ಪ್ಯಾಕ್‌ಗೆ ಒಬ್ಬೊಬ್ಬರಿಗೆ ಮೂರು ಸಾವಿರ ರೂಪಾಯಿಗೂ ಹೆಚ್ಚು ಬೀಳುತ್ತದೆ. ಪ್ರವಾಸದ ಏಜೆಂಟರು ಎರಡು ಸಾವಿರಕ್ಕೆ ‘ಇಂಟರ್‌ನ್ಯಾಷನಲ್ ಸಿಮ್’ ಕೊಡುತ್ತೇವೆ ಎನ್ನುತ್ತಾರೆ. ಮಗನೋ ಸಾವಿರದೊಳಗೆ ಇ-ಸಿಮ್ (ಕಾರ್ಡಿಲ್ಲದೆ ಫೋನಿನೊಳಗೇ ಇಳಿಸಿಕೊಳ್ಳುವ ಸಿಮ್) ಸಿಗುತ್ತದೆ ಎನ್ನುತ್ತಾನೆ. ಅಲ್ಲಿ ಬಳಸುವುದು ಅವೇ ಟವರುಗಳನ್ನಾದರೆ ಬೆಲೆಯಲ್ಲಿ ಇಷ್ಟು ಅಂತರವೇಕೆ?
— ನಿವೃತ್ತ ಶಿಕ್ಷಕರು, ದಾವಣಗೆರೆ

ಉತ್ತರ: ಟವರುಗಳು ಅವೇ, ಸಂದೇಹವಿಲ್ಲ. ಆದರೆ ಆ ಟವರಿನ ಒಡೆಯನ ಬಾಗಿಲಿಗೆ ನೀವು ಯಾರ ಕಡೆಯ ನೆಂಟರಾಗಿ ಹೋಗುತ್ತೀರಿ ಎಂಬುದರ ಮೇಲೆ ಬೆಲೆ ನಿಂತಿದೆ. ಸಿಮ್‌ನೊಳಗೆ ಸಾಮಾನ್ಯವಾಗಿ 15 ಅಂಕೆಗಳ ಒಂದು ಗುರುತಿನ ಸಂಖ್ಯೆ ಇರುತ್ತದೆ. ಇದು ನಿಮ್ಮ ಫೋನ್ ನಂಬರ್ ಅಲ್ಲ. ಅದರ ಮೊದಲ ಮೂರು ಅಂಕೆಗಳು ಸಿಮ್ ಯಾವ ದೇಶದ್ದೆಂದು ಹೇಳುತ್ತವೆ. ಭಾರತದ್ದಾದರೆ 404 ಅಥವಾ 405, ಫ್ರಾನ್ಸಿನದಾದರೆ 208, ಪೋಲೆಂಡಿನದಾದರೆ 260. ಪ್ಯಾರಿಸ್ಸಿನಲ್ಲಿ ವಿಮಾನ ಇಳಿದು ನೀವು ಫೋನ್ ಹಾಕಿದೊಡನೆ ಅಲ್ಲಿಯ ಜಾಲ ಈ ಅಂಕೆಗಳನ್ನು ಓದಿ, ನಿಮ್ಮ ತವರು ಕಂಪನಿಯನ್ನು ವಿಚಾರಿಸಿ, ಒಳಗೆ ಬಿಟ್ಟುಕೊಳ್ಳುತ್ತದೆ. ನೀವು ಬಳಸಿದ ಡೇಟಾವನ್ನು ಬರೆದಿಟ್ಟುಕೊಂಡು, ಎರಡೂ ಕಂಪನಿಗಳು ಮೊದಲೇ ಮಾಡಿಕೊಂಡಿರುವ ಸಗಟು ದರದಲ್ಲಿ ತವರು ಕಂಪನಿಗೆ ಬಿಲ್ ಕಳುಹಿಸುತ್ತದೆ. ನೀವು ಕೊಡುವ ಚಿಲ್ಲರೆ ದರದ ತಳದಲ್ಲಿರುವುದು ಈ ಸಗಟು ದರ.

ಭಾರತದ ಕಂಪನಿಗೂ ಫ್ರಾನ್ಸಿನ ಕಂಪನಿಗೂ ನಡುವಿನ ದರ ಅವರವರ ಚೌಕಾಸಿಗೆ ಬಿಟ್ಟದ್ದು. ಐರೋಪ್ಯ ಒಕ್ಕೂಟದ ಒಳಗಿನ ಕಂಪನಿಗಳು ಒಂದಕ್ಕೊಂದು ವಿಧಿಸುವ ದರಕ್ಕೆ ಮಾತ್ರ ಕಾನೂನಿನ ಮಿತಿ ಇದೆ. ಒಕ್ಕೂಟದೊಳಗೆ ಚಿಲ್ಲರೆ ರೋಮಿಂಗ್ ಶುಲ್ಕವನ್ನು 2017ರ ಜೂನ್ 15ರಂದು ತೆಗೆದುಹಾಕಿದಾಗ ಒಂದು ಜಿಬಿ ಡೇಟಾಗೆ ಸಗಟು ಮಿತಿ 7.70 ಯೂರೊ ಇತ್ತು. ಅದು 2022ರಲ್ಲಿ 2 ಯೂರೊಗೆ, 2025ರಲ್ಲಿ 1.30 ಯೂರೊಗೆ ಇಳಿಯಿತು, 2027ಕ್ಕೆ 1 ಯೂರೊ ಎಂದು ನಿಗದಿಯಾಗಿದೆ. ನಿಮ್ಮ ಮಗ ಹೇಳುವ ಇ-ಸಿಮ್ ಒಕ್ಕೂಟದೊಳಗಿನ ಯಾವುದೋ ಕಂಪನಿಯ ಗುರುತಿನ ಸಂಖ್ಯೆಯನ್ನು ಹೊತ್ತಿದ್ದರೆ, ದಾವಣಗೆರೆಯ ನೀವು ಪ್ಯಾರಿಸ್ಸಿನ ಟವರಿನ ಕಣ್ಣಿಗೆ ಪೋಲೆಂಡಿನಿಂದಲೋ ಲಿಥುವೇನಿಯದಿಂದಲೋ ಬಂದ ಪಕ್ಕದ ಮನೆಯವರಾಗಿಬಿಡುತ್ತೀರಿ. ಅಗ್ಗದ ಮೊದಲ ಗುಟ್ಟು ಇದು. ಇದರಲ್ಲಿ ಮೋಸವೇನೂ ಇಲ್ಲ. ಮಾರುವವರು ಸಗಟಿನಲ್ಲಿ ಕೊಂಡು ಬಿಡಿಯಾಗಿ ಮಾರುತ್ತಿದ್ದಾರೆ, ಅಷ್ಟೆ. ಕೆಲವು ಸಿಮ್‌ಗಳಲ್ಲಿ ಇಂಥ ಗುರುತಿನ ಸಂಖ್ಯೆಗಳು ಒಂದಲ್ಲ, ನಾಲ್ಕಾರು ಇರುತ್ತವೆ. ಯಾವ ದೇಶದಲ್ಲಿ ಯಾವುದು ಅಗ್ಗವೋ ಅದನ್ನು ಮುಂದಿಡುತ್ತವೆ.

ಎರಡನೆಯ ಗುಟ್ಟು, ಮುಗಿಸದೆ ಬಿಟ್ಟ ಡೇಟಾ. ಕಾಲೇಜು ದಿನಗಳಲ್ಲಿ ಮೆಸ್ಸಿನ ತಿಂಗಳ ಕೂಪನ್ ಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅರವತ್ತು ಊಟಕ್ಕೆ ಹಣ ಕಟ್ಟಿ, ಶನಿವಾರ ಭಾನುವಾರ ಊರಿಗೆ ಹೋಗಿ, ನಲವತ್ತು ಊಟ ಮಾಡಿ ಬಂದರೆ ಉಳಿದ ಇಪ್ಪತ್ತು ಮೆಸ್ಸಿನವರ ಲಾಭ. ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳೋಣ: 10 ಜಿಬಿಯ ಪ್ಯಾಕನ್ನು 1,600 ರೂಪಾಯಿಗೆ ಮಾರುವವರಿಗೆ ಜಿಬಿಗೆ 150 ರೂಪಾಯಿ ಅಸಲು ಬೀಳುತ್ತದೆ. ನೀವು ಹತ್ತನ್ನೂ ಬಳಸಿದರೆ ಅವರಿಗೆ ಉಳಿಯುವುದು ನೂರು ರೂಪಾಯಿ. ನಾಲ್ಕನ್ನು ಬಳಸಿ ಮನೆಗೆ ಬಂದರೆ ಸಾವಿರ. ಪ್ರವಾಸಿಗರು ಹೋಟೆಲಿನ ವೈಫೈಯಲ್ಲಿ ರಾತ್ರಿ ಫೋಟೊ ಕಳುಹಿಸುತ್ತಾರೆ, ಡೇಟಾ ಮುಗಿದೀತೆಂದು ಹಗಲು ಹಿಡಿತದಿಂದ ಬಳಸುತ್ತಾರೆ, ಅದಕ್ಕೂ ಮೊದಲು ಭಯದಿಂದ ದೊಡ್ಡ ಪ್ಯಾಕನ್ನೇ ಕೊಂಡಿರುತ್ತಾರೆ. ಈ ಭಯವೂ ವ್ಯಾಪಾರದ ಒಂದು ಬಂಡವಾಳ. ಆದ್ದರಿಂದ ಚಿಕ್ಕ ಪ್ಯಾಕ್ ಕೊಂಡು, ಬೇಕಾದರೆ ಅಲ್ಲೇ ಮತ್ತೊಂದನ್ನು ಸೇರಿಸಿಕೊಳ್ಳುವುದು ಲೇಸು.

ಇನ್ನು ಏಜೆಂಟರ ಎರಡು ಸಾವಿರ. ಪ್ಲಾಸ್ಟಿಕ್ ಕಾರ್ಡು, ಟ್ರೇ ತೆಗೆಯುವ ಪುಟ್ಟ ಪಿನ್ನು, ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದ ಸೂಚನೆಯ ಹಾಳೆ, ಇವನ್ನೆಲ್ಲ ಲಕೋಟೆಗೆ ಹಾಕಿ ನಿಮ್ಮ ಮನೆಗೆ ತಲುಪಿಸುವ ಖರ್ಚು ಮತ್ತು ಏಜೆಂಟರ ಕಮಿಷನ್ ಅದರಲ್ಲಿ ಸೇರಿವೆ. ಕ್ಯೂಆರ್ ಕೋಡಿನಲ್ಲಿ ಬರುವ ಇ-ಸಿಮ್‌ಗೆ ಈ ಖರ್ಚುಗಳ ಪೈಕಿ ಬಹುಪಾಲು ಇಲ್ಲ. ಆದರೆ ತೊಂದರೆಯಾದಾಗ ಕನ್ನಡದಲ್ಲಿ ಫೋನ್ ಎತ್ತುವವರಿಗೆ ಕೊಡುವ ಹಣವೆಂದು ನೋಡಿದರೆ ಏಜೆಂಟರ ಕಮಿಷನ್ ಎಲ್ಲರಿಗೂ ದಂಡವಲ್ಲ.

ನಿಮ್ಮ ಪ್ರವಾಸದಲ್ಲಿ ಒಂದು ಮುಳ್ಳು ಸ್ವಿಟ್ಜರ್ಲೆಂಡ್. ನಮ್ಮವರ ಯೂರೋಪ್ ಪ್ರವಾಸಗಳಲ್ಲಿ ಹಿಮದ ಬೆಟ್ಟ ಹತ್ತುವ ಒಂದು ದಿನ ಇದ್ದೇ ಇರುತ್ತದೆ, ಆದರೆ ಆ ದೇಶ ಐರೋಪ್ಯ ಒಕ್ಕೂಟದಲ್ಲಿ ಇಲ್ಲ, ಮೇಲೆ ಹೇಳಿದ ಮಿತಿ ಅದಕ್ಕೆ ಅನ್ವಯವಾಗುವುದಿಲ್ಲ. ಪ್ಯಾರಿಸ್ಸಿನ ಅಂಗಡಿಯಲ್ಲಿ ಕೊಂಡ ಸಿಮ್ ರೈಲು ಗಡಿ ದಾಟಿದ ಮೇಲೆ ಸುಮ್ಮನಾಗಬಹುದು. ಇಲ್ಲವೇ ಕೆಲಸ ಮಾಡುತ್ತಲೇ ಬಾಕಿ ಹಣವನ್ನು ನುಂಗಬಹುದು. ‘ಯೂರೋಪ್’ ಎಂಬ ಹೆಸರನ್ನು ನಂಬದೆ, ದೇಶಗಳ ಪಟ್ಟಿಯಲ್ಲಿ ಸ್ವಿಟ್ಜರ್ಲೆಂಡ್ ಇದೆಯೇ ನೋಡಿ ಕೊಳ್ಳಿ. ಲಂಡನ್ನಿಗೆ ಹೋಗುವವರಿಗೂ ಇದೇ ಮಾತು. ನಿಮ್ಮ ಫೋನಿನಲ್ಲಿ *#06# ಒತ್ತಿದಾಗ ‘ಇಐಡಿ’ ಎಂಬ ಉದ್ದನೆಯ ಸಂಖ್ಯೆ ಕಾಣಿಸಿಕೊಂಡರೆ ಅದರಲ್ಲಿ ಇ-ಸಿಮ್ ನಡೆಯುತ್ತದೆ. ಇಬ್ಬರೂ ಸದಾ ಜೊತೆಗೇ ಇರುವವರಾದರೆ ಒಂದು ಫೋನಿಗೆ ಇ-ಸಿಮ್ ಹಾಕಿಸಿ, ಇನ್ನೊಂದಕ್ಕೆ ಹಾಟ್‌ಸ್ಪಾಟ್‌ನಿಂದ ಕೊಟ್ಟರೆ ಸಾಕು. ಆದರೆ ಹಾಟ್‌ಸ್ಪಾಟ್‌ಗೆ ಅನುಮತಿ ಇಲ್ಲದ ಪ್ಯಾಕ್‌ಗಳೂ ಉಂಟು, ಕೊಳ್ಳುವ ಮೊದಲೇ ಅದನ್ನು ಓದಿಕೊಳ್ಳಿ.

ಪ್ರಶ್ನೆ: ಹತ್ತು ಹನ್ನೆರಡು ವರ್ಷಗಳ ಹಿಂದೆ ‘ನೂರಕ್ಕೂ ಹೆಚ್ಚು ದೇಶಗಳಲ್ಲಿ ಒಳಬರುವ ಕರೆ ಉಚಿತ’ ಎಂಬ ಸಿಮ್‌ಗಳ ಜಾಹೀರಾತು ಬರುತ್ತಿತ್ತು. ಎಲ್ಲರೂ ದುಬಾರಿ ದರ ಹಾಕುತ್ತಿದ್ದಾಗ ಅವರು ಉಚಿತವಾಗಿ ಹೇಗೆ ಕೊಟ್ಟರು?
— ಎಂಜಿನಿಯರಿಂಗ್ ವಿದ್ಯಾರ್ಥಿ, ಮಂಗಳೂರು

ಉತ್ತರ: ಉಚಿತವಾಗಿ ಕೊಡಲಿಲ್ಲ, ಹಣವನ್ನು ಬೇರೆಯವರಿಂದ ತೆಗೆದುಕೊಂಡರು. ಅಂಥ ಹಲವು ಸಿಮ್‌ಗಳ ನಂಬರು ಎಸ್ಟೋನಿಯ, ಲಿಕ್ಟೆನ್‌ಸ್ಟೈನ್‌ನಂಥ ಪುಟ್ಟ ದೇಶಗಳದ್ದಾಗಿರುತ್ತಿತ್ತು. ಒಂದು ಕಂಪನಿಯ ಗ್ರಾಹಕ ಇನ್ನೊಂದು ಕಂಪನಿಯ ನಂಬರಿಗೆ ಕರೆ ಮಾಡಿದಾಗ, ಕರೆಯನ್ನು ತಲುಪಿಸಿದ್ದಕ್ಕೆ ಮೊದಲನೆಯದು ಎರಡನೆಯದಕ್ಕೆ ನಿಮಿಷಕ್ಕಿಷ್ಟು ಎಂದು ಸಂದಾಯ ಮಾಡುತ್ತದೆ. ಆ ದೇಶಗಳಲ್ಲಿ ಈ ಸಂದಾಯ ಹೆಚ್ಚಾಗಿತ್ತು. ಅದರಲ್ಲೊಂದು ಪಾಲಿನಿಂದ ಸಿಮ್ ಕಂಪನಿ ತನ್ನ ರೋಮಿಂಗ್ ಖರ್ಚನ್ನು ತುಂಬಿಕೊಳ್ಳುತ್ತಿತ್ತು. ಎಂದರೆ, ಕರೆ ಸ್ವೀಕರಿಸಿದವನ ಖರ್ಚು ಕರೆ ಮಾಡಿದವನ ತಲೆಗೆ.

ಇದನ್ನು ನಾನು ತಿಳಿದದ್ದು ಮೈಸೂರಿನ ನನ್ನ ಅಕ್ಕನಿಂದ. ಅಂಥದೊಂದು ಸಿಮ್ ಹಾಕಿಕೊಂಡು ಹೊರದೇಶದಲ್ಲಿದ್ದಾಗ, ‘ನೀನೇ ಮಾಡು, ನನಗೆ ಫ್ರೀ’ ಎಂದು ಅವಳಿಗೆ ಧಾರಾಳವಾಗಿ ಹೇಳಿದ್ದೆ. ಹಬ್ಬದ ಅಡುಗೆಯ ವಿವರಕ್ಕೆ ತಲುಪುವ ಮೊದಲೇ ಕರೆ ಕಡಿದುಹೋಯಿತು. ಅವಳ ರೀಚಾರ್ಜಿನ ಹಣವೆಲ್ಲ ಮುಗಿದಿತ್ತು. ಸಿಮ್ ಮಾರಿದವರು ಸುಳ್ಳು ಹೇಳಿರಲಿಲ್ಲ, ನನಗೆ ನಿಜವಾಗಿಯೂ ಉಚಿತವೇ ಆಗಿತ್ತು.

ಆ ಸಿಮ್‌ಗಳಿಂದ ಹೊರಗೆ ಕರೆ ಮಾಡುವ ಬಗೆಯೂ ವಿಚಿತ್ರ. ನಂಬರ್ ಒತ್ತಿದರೆ ಕರೆ ಹೋಗದೆ, ಪರದೆಯ ಮೇಲೆ ಕಾಯಿರಿ ಎಂಬ ಸಂದೇಶ ಬಂದು, ಕೆಲವು ಕ್ಷಣಗಳ ಮೇಲೆ ನಮ್ಮ ಫೋನೇ ರಿಂಗಾಗುತ್ತಿತ್ತು. ಎತ್ತಿದರೆ ಆ ಕಡೆಯವರಿಗೆ ಸಂಪರ್ಕ ಸಿಗುತ್ತಿತ್ತು. ರೋಮಿಂಗ್‌ನಲ್ಲಿ ಹೊರಹೋಗುವ ಒಂದು ಕರೆಗಿಂತ ಒಳಬರುವ ಎರಡು ಕರೆಗಳನ್ನು ಬೆಸೆಯುವುದು ಅಗ್ಗವಾಗಿದ್ದುದೇ ಇದಕ್ಕೆ ಕಾರಣ. ಐರೋಪ್ಯ ಒಕ್ಕೂಟ 2021ರ ಜುಲೈಯಿಂದ, ಕರೆ ತಲುಪಿಸಿದ್ದಕ್ಕೆ ಕೊಡುವ ಆ ಸಂದಾಯಕ್ಕೆ ಒಕ್ಕೂಟದಾದ್ಯಂತ ಒಂದೇ ಮಿತಿ ಹಾಕಿತು. ಅದಕ್ಕೂ ಮೊದಲೇ ವಾಟ್ಸ್ಆ್ಯಪ್ ಕರೆ ಬಂದು ಈ ಜಾಣತನಕ್ಕೆ ಗಿರಾಕಿಗಳು ಕಡಿಮೆಯಾಗಿದ್ದರು. ಈಗಿನ ಪ್ರವಾಸಿ ಇ-ಸಿಮ್‌ಗಳಲ್ಲಿ ಬಹಳಷ್ಟಕ್ಕೆ ಕರೆಯ ನಂಬರೇ ಇರುವುದಿಲ್ಲ, ಬರೀ ಡೇಟಾ.

ಪ್ರಶ್ನೆ: ಮಗಳ ಬಾಣಂತನಕ್ಕೆಂದು ಐದಾರು ತಿಂಗಳು ಅಮೆರಿಕಕ್ಕೆ ಹೋಗುತ್ತಿದ್ದೇನೆ. ಅಂತರರಾಷ್ಟ್ರೀಯ ಸಿಮ್ ಬೇಕೇ? ಬ್ಯಾಂಕಿನ ಒಟಿಪಿ ಬರುವ ನನ್ನ ನಂಬರು ಅಷ್ಟರಲ್ಲಿ ಬೇರೆಯವರ ಪಾಲಾಗದಂತೆ ಏನು ಮಾಡಲಿ?
— ಗೃಹಿಣಿ, ಶಿರಸಿ

ಉತ್ತರ: ಬೇಡ. ಪ್ರವಾಸಿ ಸಿಮ್‌ಗಳ ದರ ಹತ್ತು ಹದಿನೈದು ದಿನದವರಿಗಾಗಿ ಕಟ್ಟಿದ್ದು. ಐದಾರು ತಿಂಗಳು ಒಂದೇ ಊರಿನಲ್ಲಿ ಇರುವವರಿಗೆ ಅಲ್ಲಿಯದೇ ಪ್ರೀಪೇಯ್ಡ್ ಸಿಮ್, ಅಥವಾ ಅಳಿಯಂದಿರ ಫ್ಯಾಮಿಲಿ ಪ್ಲಾನಿಗೆ ಸೇರಿಸಿದ ಇನ್ನೊಂದು ಸಂಪರ್ಕ, ಎಷ್ಟೋ ಅಗ್ಗ. ಮನೆಯಲ್ಲಿ ವೈಫೈ ಇದ್ದೇ ಇರುತ್ತದೆ. ನಿಮಗೆ ಬೇಕಾಗುವುದು ವಾಕಿಂಗ್ ಹೋದಾಗ ದಾರಿ ತಪ್ಪಿದರೆ ಮಗಳಿಗೆ ಕರೆ ಮಾಡುವಷ್ಟು.

ನಿಮ್ಮ ನಂಬರಿನ ಪ್ರಶ್ನೆ ಇದಕ್ಕಿಂತ ಮುಖ್ಯ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ನಿಯಮದ ಪ್ರಕಾರ ಪ್ರೀಪೇಯ್ಡ್ ಸಂಪರ್ಕವನ್ನು 90 ದಿನಗಳಿಗಿಂತ ಮೊದಲು, ಬಳಕೆಯಿಲ್ಲವೆಂಬ ಕಾರಣಕ್ಕೆ ರದ್ದುಮಾಡುವಂತಿಲ್ಲ, ಮತ್ತು ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಕಡಿದುಕೊಂಡು 30 ದಿನ ಮುಂದುವರಿಸುತ್ತಾರೆ. ಆದರೆ ನಂಬರು ಉಳಿಯುವುದು ಬೇರೆ, ಒಟಿಪಿ ಬರುವುದು ಬೇರೆ. ಒಟಿಪಿಗೆ ಪ್ಯಾಕ್‌ನ ವ್ಯಾಲಿಡಿಟಿ ಚಾಲ್ತಿಯಲ್ಲಿರಬೇಕು, ರೋಮಿಂಗ್ ಸೌಲಭ್ಯ ತೆರೆದಿರಬೇಕು. ಹೊರಡುವ ಮೊದಲು ಇವೆರಡನ್ನೂ ಮಾಡಿಸಿ, ದೀರ್ಘ ಅವಧಿಯ ರೀಚಾರ್ಜ್ ಹಾಕಿಸಿ. ರೋಮಿಂಗ್‌ನಲ್ಲಿ ಬರುವ ಎಸ್‌ಎಂಎಸ್‌ಗೆ ಸಾಮಾನ್ಯವಾಗಿ ಹಣ ಹಿಡಿಯುವುದಿಲ್ಲ, ಏಕೆಂದರೆ ಅತಿಥಿಗೆ ಎಸ್‌ಎಂಎಸ್ ತಲುಪಿಸಿದ್ದಕ್ಕೆ ಅಲ್ಲಿಯ ಜಾಲ ತವರು ಕಂಪನಿಗೆ ಬಿಲ್ ಹಾಕುವ ವಾಡಿಕೆ ಇಲ್ಲ. ಒಳಬರುವ ಕರೆಗೆ ಹಾಗಲ್ಲ. ಎತ್ತಿದರೆ ನಿಮಿಷದ ಲೆಕ್ಕ ಓಡುತ್ತದೆ. ಆದ್ದರಿಂದ ಭಾರತದ ಸಿಮ್ ಫೋನಿನಲ್ಲೇ ಇರಲಿ, ಅದರ ಡೇಟಾ ರೋಮಿಂಗ್ ಆಫ್ ಆಗಿರಲಿ, ಅದಕ್ಕೆ ಬಂದ ಕರೆಯನ್ನು ಎತ್ತಬೇಡಿ.

ಪ್ರಶ್ನೆ: ದುಬೈಯಲ್ಲಿ ನನ್ನ ಸ್ಥಳೀಯ ಸಿಮ್‌ನಿಂದ ವಾಟ್ಸ್ಆ್ಯಪ್ ಕರೆ ಹೋಗುವುದಿಲ್ಲ. ಪ್ರವಾಸಕ್ಕೆ ಬಂದ ಗೆಳೆಯನ ಅಗ್ಗದ ಇ-ಸಿಮ್‌ನಿಂದ ಸಲೀಸಾಗಿ ಹೋಗುತ್ತದೆ. ಇದು ಹೇಗೆ?
— ಓದುಗರು, ಭಟ್ಕಳ

ಉತ್ತರ: ನಿಮ್ಮ ಗೆಳೆಯರ ಫೋನ್ ದುಬೈಯಲ್ಲಿದ್ದರೂ ಅದರ ಇಂಟರ್‌ನೆಟ್ ಬಾಗಿಲು ದುಬೈಯಲ್ಲಿಲ್ಲ. ರೋಮಿಂಗ್ ಸಿಮ್‌ನ ಡೇಟಾ ಸಾಮಾನ್ಯವಾಗಿ ಸ್ಥಳೀಯ ಟವರಿನಿಂದ ಒಂದು ಮುಚ್ಚಿದ ಕೊಳವೆಯೊಳಗೆ ಸಾಗಿ, ಸಿಮ್ ಕೊಟ್ಟ ಕಂಪನಿಯ ದೇಶದಲ್ಲಿ ಹೊರಬರುತ್ತದೆ. ಆ ಬಾಗಿಲು ಸಿಂಗಪುರದಲ್ಲಿದ್ದರೆ ವಾಟ್ಸ್ಆ್ಯಪ್ ಅವರನ್ನು ಸಿಂಗಪುರದವರೆಂದೇ ತಿಳಿಯುತ್ತದೆ, ದುಬೈ ಇರುವ ಯುಎಇ ದೇಶದ ಜಾಲದಲ್ಲಿ ಇಂಥ ಕರೆಗಿರುವ ತಡೆ ಅಡ್ಡ ಬರುವುದಿಲ್ಲ. ಚೀನಾಕ್ಕೆ ಹೋದವರು ಹಾಂಗ್‌ಕಾಂಗಿನ ಸಿಮ್‌ನಲ್ಲಿ ಗೂಗಲ್ ಬಳಸಲು ಸಾಧ್ಯವಾಗುವುದೂ ಇದೇ ಕಾರಣಕ್ಕೆ.

ಮಾರುವವರಿಗೆ ಇದೊಂದು ಉಳಿತಾಯ: ದೇಶಕ್ಕೊಂದು ಬಾಗಿಲು ಕಟ್ಟದೆ ಒಂದರಿಂದಲೇ ಹಲವು ದೇಶಗಳನ್ನು ನಿಭಾಯಿಸಬಹುದು. ಅದರ ಬೆಲೆಯನ್ನು ಬಳಸುವವರು ವೇಗದಲ್ಲಿ ತೆರುತ್ತಾರೆ. ದುಬೈಯಿಂದ ಸಿಂಗಪುರಕ್ಕೆ ಸುಮಾರು 5,800 ಕಿಲೋಮೀಟರ್. ಡೇಟಾ ಸಾಗಿಸುವ ಆಪ್ಟಿಕಲ್ ಫೈಬರ್ ಕೇಬಲಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋದರೂ ಹೋಗಿ ಬರಲು 60 ಮಿಲಿಸೆಕೆಂಡಿನಷ್ಟು ಬೇಕು, ಪಕ್ಕದ ಬೀದಿಯ ಹೋಟೆಲನ್ನು ಹುಡುಕಿದರೂ ಅಷ್ಟೇ. ಗೆಳೆಯರ ಬ್ಯಾಂಕಿನ ಆ್ಯಪ್ ‘ನೀವು ಸಿಂಗಪುರದಿಂದ ಲಾಗಿನ್ ಆಗಿದ್ದೀರಿ’ ಎಂದು ಎಚ್ಚರಿಸಿದರೆ ಅವರು ಗಾಬರಿಯಾಗಬೇಕಿಲ್ಲ.

ಪ್ರಶ್ನೆ: ಪ್ರವಾಸಿ ಸಿಮ್‌ಗಳನ್ನು ಸಗಟಾಗಿ ತರಿಸಿ ನಮ್ಮೂರಿನಲ್ಲಿ ಮಾರಬಹುದೇ? ಲಾಭ ಇದೆಯೆಂದು ಕೇಳಿದ್ದೇನೆ.
— ಮೊಬೈಲ್ ಅಂಗಡಿಯವರು, ಹುಬ್ಬಳ್ಳಿ

ಉತ್ತರ: ವಿದೇಶಿ ಕಂಪನಿಯ ಸಿಮ್‌ಗಳನ್ನು ಭಾರತದಲ್ಲಿ ಮಾರಲು ಅಥವಾ ಬಾಡಿಗೆಗೆ ಕೊಡಲು ದೂರಸಂಪರ್ಕ ಇಲಾಖೆಯ ಅನುಮತಿ ಬೇಕು. ಅನುಮತಿ ಪಡೆದವರು ಗ್ರಾಹಕರ ಪಾಸ್‌ಪೋರ್ಟಿನ ಪ್ರತಿ ಪಡೆದೇ ಕೊಡಬೇಕು. ಈ ಅನುಮತಿ ಇಲ್ಲವೆಂಬ ಕಾರಣಕ್ಕೆ 2024ರ ಜನವರಿಯಲ್ಲಿ ಏರಾಲೊ, ಹೋಲಾಫ್ಲೈ ಎಂಬ ಎರಡು ಹೆಸರಾಂತ ಇ-ಸಿಮ್ ಆ್ಯಪ್‌ಗಳನ್ನೇ ಆ್ಯಪಲ್ ಮತ್ತು ಗೂಗಲ್‌ನ ಭಾರತೀಯ ಮಳಿಗೆಗಳಿಂದ ತೆಗೆಸಲಾಯಿತು. ಅನುಮತಿ ಇರುವ ಕಂಪನಿಯೊಂದರ ಏಜೆಂಟರಾಗುವ ದಾರಿ ನಿಮಗಿದೆ. ಆದರೆ ಏಜೆಂಟರ ಕಮಿಷನ್ ಹುಟ್ಟುವುದು ಪ್ಲಾಸ್ಟಿಕ್ ಕಾರ್ಡನ್ನು ಕೈಗೆ ಕೊಡುವ ಕೆಲಸದಿಂದ. ಅಮೆರಿಕದಲ್ಲಿ ಮಾರುವ ಐಫೋನ್‌ಗಳಲ್ಲಿ 2022ರ ಐಫೋನ್ 14ರಿಂದಲೇ ಸಿಮ್ ಹಾಕುವ ಟ್ರೇ ಇಲ್ಲ. ಕಾರ್ಡುಗಳನ್ನು ಬಹಳಷ್ಟು ತರಿಸಿ ಇಟ್ಟುಕೊಳ್ಳಬೇಡಿ, ಅವುಗಳಿಗೂ ಅವಧಿ ಮುಗಿಯುವ ದಿನಾಂಕ ಇರುತ್ತದೆ.